ಉಮಾನಾಥ ಮಾಸ್ತರರ ಕೊಲ್ಲತರು ನಿಷೇಧ

ಇನ್ನಂಜೆಯ ಉಮಾನಾಥ ಮಾಸ್ತರರು ಸಮುದ್ರವನ್ನು ಉಳಿಸಲು ಹೊರಟದ್ದು ನಿವೃತ್ತಿಯ ಮರುತಿಂಗಳು. ಕಾಪುವಿನಲ್ಲಿ ಒಂದು ಭಿತ್ತಿಪತ್ರ ಓದಿದರು: ಬೂತಾಯಿ ಮೀನು ಹತ್ತು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಅದು ಮರಿ, ಕೊಳ್ಳಬೇಡಿ. ಬೂತಾಯಿಗೆ ಹೇಳಿದ್ದನ್ನು ಅವರು ಸಕಲ ಮತ್ಸ್ಯಕುಲಕ್ಕೂ ಅನ್ವಯಿಸಿಬಿಟ್ಟರು. (ಗಣಿತ ಕಲಿಸಿದವರಿಗೆ ಒಂದು ಸೂತ್ರ ಸಿಕ್ಕರೆ ಸಾಕು.)

ಮರುದಿನ ಮೀನಿನ ಬುಟ್ಟಿ ಹೊತ್ತು ಬಂದ ಚಂದಕ್ಕನನ್ನು ಜಗಲಿಯಲ್ಲೇ ತಡೆದು, ಸ್ಕೇಲು ಹಿಡಿದು ಪರೀಕ್ಷೆ ನಡೆಸಿದರು. ಬೆರಳುದ್ದದ ಕೊಲ್ಲತರು ಮೀನು ಸಾರಾಸಗಟಾಗಿ ಫೇಲು.

"ಅದು ಮರಿಯಲ್ಲ ಮಗಾ," ಎಂದರು ಎಂಬತ್ತಾರರ ಅಮ್ಮ. "ಕೊಲ್ಲತರು ನನ್ನಷ್ಟು ಮುದುಕಿಯಾದರೂ ಅಷ್ಟೇ ಉದ್ದ. ಹಲ್ಲಿಲ್ಲದವಳಿಗೆ ಅಗಿಯಲಿಕ್ಕೆ ಆಗುವುದು ಅದೊಂದೇ. ತಕೋ ಮಾರಾಯ."

"ನಿಯಮ ಎಂದರೆ ನಿಯಮ ಅಮ್ಮ. ನಾವೇ ಮುರಿದರೆ ಊರಿಗೆ ಎಂತ ಹೇಳುವುದು?"

"ಊರು ನಿಮ್ಮನ್ನು ಕೇಳಿದ್ದುಂಟಾ?" ಎಂದಳು ಹೆಂಡತಿ ಕುಶಲಾ.

ಎರಡು ವರ್ಷ ಮನೆಗೆ ಬಂದದ್ದು ಮೊಳದುದ್ದದ ಅಂಜಲ್ ಮಾತ್ರ. ಅಮ್ಮ ನಾಲ್ಕು ದಿನ ಕೇಳಿ ಸುಮ್ಮನಾದರು. 'ನಮ್ಮ ತಾಯಿಯವರಲ್ಲೂ ಅರಿವು ಮೂಡಿದೆ' ಎಂದು ಮಾಸ್ತರರು ನಿಟ್ಟೆಯ ಸಭೆಯೊಂದರಲ್ಲಿ ಭಾಷಣ ಬಿಗಿದೂ ಬಂದರು.

ಕಳೆದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು.

ಆಮೇಲೆ ಮಣಿಪಾಲದಲ್ಲೊಂದು ಸಭೆ. ಕ್ಯಾರೆನ್ ಎಂಬ ಮೀನಿನ ವಿಜ್ಞಾನಿ ಹೇಳಿದಳು: "ಕೊಲ್ಲತರು ಪೂರ್ತಿ ಬೆಳೆದರೂ ಬೆರಳುದ್ದವೇ. ಇಂಥ ಎಣ್ಣೆ ಮೀನು ಬೇಗ ಹೆಚ್ಚುತ್ತದೆ, ನಾವು ಅದನ್ನೇ ತಿನ್ನಬೇಕು. ಈಗ ಅದು ಮೀನಿನ ಹುಡಿಯಾಗಲಿಕ್ಕೆ ಲಾರಿಗಟ್ಟಲೆ ಕಾರ್ಖಾನೆಗೆ ಹೋಗುತ್ತದೆ. ಬಿಡುವು ಬೇಕಾದದ್ದು ಅಂಜಲ್‌ನಂಥ ದೊಡ್ಡ ಮೀನಿಗೆ." ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾಸ್ತರರು ಊಟ ಮಾಡದೆ ಮನೆಗೆ ಬಂದರು. ಅಮ್ಮನನ್ನು ಆಸೆಯಲ್ಲೇ ಕಳಿಸಿಬಿಟ್ಟೆ ಎಂಬ ಸಂಕಟ ಅವರನ್ನು ತಿನ್ನತೊಡಗಿತು.

ಮಳೆಗಾಲದ ಆಟಿ ತಿಂಗಳು ಬಂತು. ತೀರಿಕೊಂಡವರಿಗೆ ಇಷ್ಟದ ಅಡುಗೆ ಬಡಿಸುವ ಕ್ರಮ. ಮಾಸ್ತರರು ಮಳೆಯಲ್ಲೇ ಕಾಪುವಿನ ಮೀನು ಮಾರುಕಟ್ಟೆಗೆ ಹೋಗಿ ಚಂದಕ್ಕನ ಮುಂದೆ ನಿಂತರು.

"ಕೊಲ್ಲತರು ಉಂಟಾ ಚಂದಕ್ಕ? ಅಮ್ಮನಿಗೆ ಬಡಿಸಲಿಕ್ಕೆ."

"ನಾಡದೋಣಿಯವರದ್ದು ಈಗ ಬಂತು. ಈ ಮಳೆಗೆ ನೀವೆಂತಕ್ಕೆ ಬಂದದ್ದು? ಯಾವಾಗಿನ ಹಾಗೆ ಹಿಂದಿನ ಬಾಗಿಲಿಗೆ ನಾನೇ ತರುತ್ತಿದ್ದೆನಲ್ಲ," ಎಂದ ಚಂದಕ್ಕ ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲಿ ವಿಚಾರಣೆ ನಡೆಯಿತು. ಕುಶಲಾ ಮೀನು ಶುಚಿ ಮಾಡುತ್ತಲೇ ತಪ್ಪೊಪ್ಪಿಕೊಂಡಳು. "ವಾರಕ್ಕೆ ಎರಡು ಸಲ. ನೀವು ವಾಕಿಂಗಿಗೆ ಹೋದ ಮೇಲೆ."

"ಹಾಗಾದರೆ ಅಮ್ಮ ತಿಂದಿದ್ದಾರೆ!" ಮಾಸ್ತರರು ಮಗುವಿನಂತೆ ನಕ್ಕರು. ತಿಂಗಳುಗಳ ಭಾರ ಇಳಿದಂತಾಯಿತು. "ನನಗೆ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ಅತ್ತೆಯೇ ಬೇಡ ಎಂದದ್ದು. ನೀವು ಜೋರು ಮಾಡುತ್ತೀರಿ ಅಂತ. ನಿಮ್ಮ ಕೆಮ್ಮು ಕೇಳಿದರೆ ಸಾಕು, ಬಟ್ಟಲನ್ನು ಸೆರಗಿನಡಿ ಮುಚ್ಚಿಡುತ್ತಿದ್ದರು. ಒಮ್ಮೆ ಗಾಬರಿಯಲ್ಲಿ ನುಂಗಿ ಗಂಟಲಿಗೆ ಮುಳ್ಳು ಸಿಕ್ಕಿತ್ತು."

ಮಾಸ್ತರರ ನಗು ಅಲ್ಲಿಗೇ ನಿಂತಿತು. ಆಸೆಯಲ್ಲೇ ಹೋದರು ಎಂಬ ದುಃಖವನ್ನಾದರೂ ತಾಳಬಹುದಿತ್ತು. ತನ್ನ ಮನೆಯಲ್ಲಿ, ತನಗೆ ಹೆದರಿ, ಹೆತ್ತವಳು ಕದ್ದು ತಿಂದಿದ್ದಳು.

ಸಂಜೆ ಬಾಳೆಲೆಯಲ್ಲಿ ಕೊಲ್ಲತರು ಪುಳಿಮುಂಚಿ ಬಡಿಸಿ, ದೀಪವಿಟ್ಟು, ಕೋಣೆಯ ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವ ಹೊತ್ತು. ಮನೆಯವರು ಹೊರಗೆ ಕಾಯಬೇಕು. ಮಾಸ್ತರರು ಕೊಡೆ ತೆಗೆದುಕೊಂಡರು.

"ಈಗ ಎಲ್ಲಿಗೆ? ಮಗ ಮನೆಯಲ್ಲಿ ಇರಬೇಡವಾ?"

"ನಾನಿದ್ದರೆ ಅವರು ಸಮಾಧಾನದಲ್ಲಿ ಉಣ್ಣಲಿಕ್ಕಿಲ್ಲ ಕುಶಲಾ."

ಮಾಸ್ತರರು ಮಳೆಗೆ ಇಳಿದರು. ಒಳಗಿನ ಕೋಣೆಗೆ ಕೇಳುವಷ್ಟು ಜೋರಾಗಿ ಗೇಟು ಹಾಕಿ, ಗದ್ದೆಯ ಕಡೆಗೆ ನಡೆದರು.