ಒಡಪಿನ ಬಾಗಿಲಲ್ಲಿ ಕಾರ್ಡಿನಾಟ

ನೆನಪು ಎಂಬ ಸಾಕ್ಷಿಯನ್ನು ಪೂರ್ತಿ ನಂಬಬಾರದು ಎಂದು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಕಲಿಸಿದವರು ಯಾರು ಎಂಬುದು ಮರೆತುಹೋಗಿದೆ. ಅಂದಿನಿಂದ ಎಲ್ಲವನ್ನೂ ಸಂಶಯದಿಂದ ನೋಡುವುದು ನನ್ನ ಚಾಳಿಯಾಗಿದೆ. ಗ್ಯಾಸ್ ಆರಿಸಿದ್ದು ನೆನಪಿದ್ದರೂ ಮತ್ತೆ ಹೋಗಿ ನೋಡುತ್ತೇನೆ. ಬಂದು ಕುಳಿತ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂದು ಇನ್ನೊಮ್ಮೆ ಎದ್ದು ಹೋಗುತ್ತೇನೆ. ಹೆಂಡತಿ ಸುವರ್ಣಾ ಇದಕ್ಕೆ 'ವಾಕಿಂಗ್' ಎಂದು ಹೆಸರಿಟ್ಟಿದ್ದಾಳೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಇಂಥ ಮನುಷ್ಯ ಮೊಬೈಲಿನ ಕಾರ್ಡಿನಾಟಕ್ಕೆ ಬಿದ್ದದ್ದು ಹೇಗೆ ಎಂದು ಕೇಳಬೇಡಿ. ಅದನ್ನು ಆಡಿದರೆ ನೆನಪಿನ ಶಕ್ತಿ ಚುರುಕಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ನಾನು ನಂಬಲಿಲ್ಲ. ಅದು ಸುಳ್ಳೆಂದು ಸಾಬೀತು ಮಾಡಲಿಕ್ಕೆಂದೇ ಆಡತೊಡಗಿದೆ.

ಇದು ಇಸ್ಪೀಟಲ್ಲ, ದುಡ್ಡು ಕಟ್ಟುವ ಆಟವೂ ಅಲ್ಲ. ಒಂದು ಕೋಟೆ, ಅದಕ್ಕೆ ಹಲವು ಬಾಗಿಲು. ಶುರುವಿನಲ್ಲಿ ನಿಮ್ಮ ಕೈಯಲ್ಲಿ ಬಡಕಲು ಕಾರ್ಡುಗಳ ಒಂದು ಕಟ್ಟು: ಒಂದರಲ್ಲಿ ಗುದ್ದು, ಒಂದರಲ್ಲಿ ಗುರಾಣಿ, ಅಷ್ಟೇ. ಪ್ರತಿ ಬಾಗಿಲಲ್ಲೂ ಒಬ್ಬ ವೈರಿ. ಅವನನ್ನು ಸೋಲಿಸಿದರೆ ಹೊಸ ಕಾರ್ಡೊಂದನ್ನು ಆರಿಸಿ ಕಟ್ಟಿಗೆ ಸೇರಿಸಿಕೊಳ್ಳಬಹುದು. ಸತ್ತಿರೋ, ಗಳಿಸಿದ್ದೆಲ್ಲ ಹೋಯಿತು. ಅದೇ ಬಡಕಲು ಕಟ್ಟು ಹಿಡಿದು ಮತ್ತೆ ಮೊದಲ ಬಾಗಿಲಿಗೆ ಬರಬೇಕು. ಅಷ್ಟರಲ್ಲಿ ದಾರಿ ಬೇರೆಯಾಗಿರುತ್ತದೆ, ವೈರಿಗಳು ಬೇರೆಯಾಗಿರುತ್ತಾರೆ. ಬದಲಾಗದವಳು ಬಾಗಿಲು ಕಾಯುವ ಅಜ್ಜಿ ಒಬ್ಬಳೇ. "ಮತ್ತೆ ಬಂದೆಯಾ? ಅಂದು ಸೇತುವೆಯ ಮೇಲೆ ಗೆಳೆಯನನ್ನು ಬಿಟ್ಟು ಓಡಿದವನಲ್ಲವೇ ನೀನು?" ಎಂದು ಕೇಳುತ್ತಾಳೆ. ನಾವು ಸತ್ತು ಬಂದಾಗಲೆಲ್ಲ ಕಥೆಯ ಇನ್ನೊಂದು ತುಣುಕನ್ನು ಬಿಡಿಸಿ ಕೊಡುತ್ತಾಳೆ.

ಇದರ ಸೊಗಸು ಇರುವುದೇ ಇಲ್ಲಿ. ಸೋತವನಿಗೆ ಏನಾದರೂ ಸಿಗುವ ಜಾಗ ಲೋಕದಲ್ಲಿ ಬೇರೆ ಎಲ್ಲಿದೆ? ಸ್ಟಾಫ್ ರೂಮಿನಲ್ಲಿ ವಾದ ಸೋತರೆ ತಣ್ಣಗಾದ ಚಹಾ ಸಿಗುತ್ತದೆ. ಇಲ್ಲಿ ಸತ್ತವನಿಗೆ ಒಂದು ಅಧ್ಯಾಯವೇ ಬಹುಮಾನ. ಇನ್ನು ಕೇಡುಗಳು. 'ಇದೊಂದು ಆಟ' ಎಂದು ಕೂತರೆ ಆ 'ಒಂದು' ಮುಗಿಯುವುದೇ ಇಲ್ಲ. ಗೆದ್ದರೆ ನಮ್ಮ ಬುದ್ಧಿ, ಸೋತರೆ ಕಾರ್ಡು ಸರಿಯಾಗಿ ಬೀಳಲಿಲ್ಲ ಎಂಬ ದೂರು. ಲಾಭಕ್ಕೆ ಮಾತ್ರ ತರ್ಕ ಬಳಸುವುದನ್ನು ಆಟ ಚೆನ್ನಾಗಿ ಕಲಿಸುತ್ತದೆ. ಮೂರನೆಯದು ದುರಾಸೆ. ಚೆಂದ ಕಂಡ ಕಾರ್ಡನ್ನೆಲ್ಲ ತುಂಬಿಕೊಂಡರೆ ಕಟ್ಟು ನಮ್ಮ ಮನೆಯ ಅಟ್ಟದಂತಾಗುತ್ತದೆ: ಎಲ್ಲವೂ ಇದೆ, ಬೇಕಾದ್ದು ಕೈಗೆ ಬರುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕಾದಾಡುವ ಅವಸರದಲ್ಲಿ ಅಜ್ಜಿಯ ಮಾತನ್ನು ಓದದೆ ಸರಿಸಿಬಿಡುತ್ತೇವೆ. ಆಮೇಲೆ 'ಈ ಗೆಳೆಯ ಯಾರಪ್ಪಾ?' ಎಂದು ತಲೆ ಕೆರೆದುಕೊಳ್ಳುತ್ತೇವೆ.

ಹೀಗಿರಲು ಸುವರ್ಣಾಳ ತಮ್ಮ ಖಾನಾಪುರದಲ್ಲಿ ಹೊಸ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಅತ್ತೆಯವರಿಗೆ ಉಡಿಸಲು ನಮ್ಮ ಬೆಳಗಾವಿಯಲ್ಲೇ ವಡಗಾವಿಯ ನೇಕಾರರೊಬ್ಬರಿಗೆ ಸೀರೆ ಹೇಳಿಟ್ಟಿದ್ದೆವು. ತರಲು ನಾನು ಹೋದೆ. "ಸೆರಗಿಗೆ ಗೊಂಡೆ ಕಟ್ಟೂದ ಬಾಕಿ ಐತ್ರಿ, ಸ್ವಲ್ಪ ಕುಂದರ್ರಿ" ಎಂದರು. ಕುಳಿತೆ, ಮೊಬೈಲ್ ತೆಗೆದೆ, ಕೋಟೆ ಹೊಕ್ಕೆ. ಕೊನೆಯ ಬಾಗಿಲಿನ ಹತ್ತಿರ ಸತ್ತವನು ಆ ದುಃಖದಲ್ಲೇ ಗಾಡಿ ಹತ್ತಿ ಅನಗೋಳದ ಮನೆಗೆ ಬಂದುಬಿಟ್ಟೆ.

"ಸೀರಿ ಎಲ್ಲೈತ್ರಿ?" ಎಂದಳು ಸುವರ್ಣಾ.

"ಯಾವ ಸೀರಿ?"

ಅವಳು ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದಳು. "ಅಲ್ಲಿ ಅವ್ವ, ಅಳಿಯಂದ್ರು ಇಸ್ಪೀಟ್ ಎಲಿ ಆಡಾಕ ಹತ್ಯಾರಂತ ಹೌದೇನ ಅಂತ ಕೇಳಾಕ ಹತ್ಯಾಳ. ನಾ ಇಲ್ಲವ್ವಾ, ಅದು ನೆನಪಿನ ಆಟ ಅಂತ ಹೇಳೇನಿ. ಇನ್ನ ಯಾವ ಬಾಯಿಲೆ ಹೇಳ್ಲಿ?"

"ಖರೇನ ನೆನಪಿನ ಆಟ ಅದು," ಎಂದೆ. ಸೀರೆ ಮರೆತು ಬಂದವನು ಆಡುವ ಮಾತಲ್ಲ, ಆದರೆ ಬಾಯಿಂದ ಬಿದ್ದುಹೋಗಿತ್ತು.

"ಹಂಗಾರ ಖಾನಾಪುರದಾಗ ಎಲ್ಲಾರ ಮುಂದ ಒಡಪು ಹೇಳಿ ತೋರಸ್ರಿ. ನಮ್ಮ ಲಗ್ನದಾಗ ಆದಂಗ ಆತಂದ್ರ ಆ ಆಟ ಅಲ್ಲೇ ಬಾಗಲದಾಗ ಅಳಿಸಿ ಒಗೀಬೇಕು. ಆತಿಲ್ಲೋ?"

ಒಡಪು ಎಂದರೆ ಸಂಗಾತಿಯ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವುದು. ಹೇಳದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟಲು ಬಿಡುವುದಿಲ್ಲ. ನಮ್ಮ ಲಗ್ನದಲ್ಲಿ ನಾನು ಒಡಪು ಮರೆತು, ಬಾಗಿಲಲ್ಲಿ ಬೆವೆತು ನಿಂತದ್ದನ್ನು ನೆಂಟರಿಗೆಲ್ಲ ಹೇಳಿ ನಗಿಸುತ್ತ ಬಂದಿದ್ದೇನೆ. ಈಗ ಮರ್ಯಾದೆಯ ಜೊತೆಗೆ ಆಟವೂ ಪಣಕ್ಕೆ ಬಿತ್ತು. ಆ ಗೆಳೆಯನ ಗತಿ ಏನಾಯಿತೆಂದು ತಿಳಿಯದೆ ಉಳಿದ ಆಯುಷ್ಯ ಕಳೆಯುವುದು ನನ್ನಿಂದಾಗದ ಮಾತು.

ತಿರುಗಿ ಹೋಗಿ ಸೀರೆ ತಂದೆ, ಉದ್ದನೆಯ ಒಡಪೊಂದನ್ನು ಉರು ಹೊಡೆದೆ. ಸ್ನಾನದ ಮನೆಯಲ್ಲಿ ಹೇಳಿ ನೋಡಿದರೆ ನಡುವಿನ ಒಂದು ಸಾಲು ಜಾರಿತು, ಹಿಂದೆಯೇ ಉಳಿದವೆಲ್ಲ ಜಾರಿದವು. ಆಗ ಹೊಳೆಯಿತು: ಇದು ದಪ್ಪ ಕಟ್ಟಿನ ರೋಗ! ಎಲ್ಲ ಕಿತ್ತೊಗೆದೆ. ಚಿಕ್ಕ ಚಿಕ್ಕ ತುಣುಕು ನಾಲ್ಕಾರು ಉಳಿಸಿಕೊಂಡೆ. ಕೈಗೆ ಬಂದದ್ದನ್ನು ಜೋಡಿಸಿದರಾಯಿತು, ಹಂಚಿಗೆ ಹೆಸರಾದ ಖಾನಾಪುರದ ಹಂಚಿನ ಮನೆಯನ್ನು ಹೊಗಳಿ ಕೊನೆಯಲ್ಲಿ ಹೆಸರು ಅಂಟಿಸಿದರಾಯಿತು.

ಖಾನಾಪುರದ ಬಾಗಿಲಲ್ಲಿ ನಾದಿನಿ ರೂಪಾ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು.

"ಮಾಮಾ, ಒಡಪು ಹೇಳ್ರಿ. ಇಲ್ಲಾಂದ್ರ ಊಟ ಹೊರಗ!"

"ಮೊಬೈಲ್ ನೋಡಿ ಹೇಳಂಗಿಲ್ಲ ಮತ್ತ!" ಎಂದು ಇನ್ನೊಂದು ದನಿ. ಮರಾಠಿಯಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು.

ಗತ್ತಿನಿಂದ ತಲೆಯೆತ್ತಿದೆ. ಮೇಲೆ ಹಂಚೇ ಇರಲಿಲ್ಲ! ಮೈದುನ ಕಾಂಕ್ರೀಟಿನ ಸ್ಲ್ಯಾಬ್ ಹಾಕಿಸಿಬಿಟ್ಟಿದ್ದ. ಖಾನಾಪುರವೆಂದರೆ ಹಂಚು ಎಂದು ನಂಬಿದ್ದ ನನ್ನ ಅತ್ಯುತ್ತಮ ಕಾರ್ಡು ಕೆಲಸಕ್ಕೆ ಬಾರದಾಯಿತು. ಸುವರ್ಣಾ ಮೊಬೈಲಿಗಾಗಿ ಅಂಗೈ ಚಾಚಿಯೇಬಿಟ್ಟಳು. ಆದರೆ ಬೀಳದ ಕಾರ್ಡಿಗಾಗಿ ಅಳುತ್ತ ಕೂತವನು ಕೋಟೆಯಲ್ಲಿ ಎಷ್ಟೋ ಸಲ ಸತ್ತಿದ್ದಾನೆ. ಬಿದ್ದ ಕಾರ್ಡನ್ನೇ ಆಡಿದೆ:

"ಹಳೇ ಮನಿಗೆ ಹಂಚ, ಹೊಸಾ ಮನಿಗೆ ಸ್ಲ್ಯಾಬ,
ಬಾಗಲಾ ಅಡ್ಡಗಟ್ಟಿ ಕೇಳ್ತಾರ ಜವಾಬ,
ಸುವರ್ಣಾ ಬಾಜೂಕ ಇದ್ರ ನಾನೂ ಒಬ್ಬ ನವಾಬ!"

ಹೋ ಎಂದು ಎದ್ದ ಗದ್ದಲಕ್ಕೆ ಹೊಸ ಸ್ಲ್ಯಾಬ್ ನಿಂತದ್ದೇ ದೊಡ್ಡದು. ರೂಪಾ ಕೈ ಇಳಿಸಿದಳು. ಸುವರ್ಣಾ ಚಾಚಿದ ಅಂಗೈಯಿಂದಲೇ ಮುಖ ಮುಚ್ಚಿಕೊಂಡಳು. ನಾನು ಬಲಗಾಲಿಟ್ಟು ಒಳಗೆ ಹೋದ ರೀತಿಯನ್ನು ಕಂಡಿದ್ದರೆ ಕೋಟೆಯ ಅಜ್ಜಿಯೂ ಎದ್ದು ನಿಲ್ಲುತ್ತಿದ್ದಳು. "ಇಂಥಾ ಎಲಿ ಆಟ ಇದ್ರ ಆಡ್ಲಿ ಬಿಡವಾ," ಎಂದು ಅತ್ತೆಯವರು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು.

ಊಟಕ್ಕೆ ಕುಳಿತಾಗ ಹೋಳಿಗೆಯ ಮೇಲೆ ಅವರೇ ತುಪ್ಪ ಸುರಿದರು. ಉಬ್ಬಿಹೋಗಿ, "ಅಂತೂ ಲಗ್ನದಾಗ ಮರತಿದ್ದಕ್ಕ ಇವತ್ತ ಸೇಡು ತೀರಿಸಿಕೊಂಡೆ ನೋಡ್ರಿ," ಎಂದೆ.

ಅತ್ತೆಯವರು ತುಪ್ಪದ ತಂಬಿಗೆ ಹಿಡಿದು ಅಲ್ಲೇ ನಿಂತರು. "ನೀವೆಲ್ಲಿ ಮರತಿದ್ರಿ? ಅವತ್ತೂ ಛಲೋನ ಹೇಳಿದ್ರಿ. ಮರತ ನಿಂತಾಕಿ ಈಕಿ!"

ಸುವರ್ಣಾಳ ಕಡೆ ತಿರುಗಿದೆ. ಅವಳು ಬಹಳ ಆಸ್ಥೆಯಿಂದ ಹಪ್ಪಳ ಮುರಿಯುತ್ತಿದ್ದಳು.

"ನೀವ ಮಂದಿಗೆಲ್ಲಾ ನಾ ಮರತೆ, ನಾ ಮರತೆ ಅಂತ ಹೇಳಕೋತ ಹೊಂಟ್ರಿ," ಎಂದಳು. "ನನ್ನ ತಪ್ಪ ಇಷ್ಟ ಪ್ರೀತೀಲೆ ಹೊತ್ತಾರ, ನಾ ಯಾಕ ಇಳಸ್ಲಿ ಅಂತ ಸುಮ್ಮನಾದೆ."

"ಹಂಗಾರ ಅವತ್ತ ನಾ ಏನ್ ಹೇಳಿದ್ದೆ?"

"ಅದು ನನಗೂ ನೆನಪಿಲ್ರಿ."

ಹೀಗೆ ಒಂದೇ ದಿನದಲ್ಲಿ ನಾನು ಎರಡು ಸಲ ಗೆದ್ದೆ. ಒಂದು ಗೆಲುವು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಬೆಳಗಾವಿಗೆ ಬಂದ ಮೇಲೆ ಕೋಟೆಯ ಕೊನೆಯ ಬಾಗಿಲನ್ನೂ ದಾಟಿದೆ. ಸೇತುವೆಯ ಮೇಲೆ ಬಿಟ್ಟು ಓಡಿದವನು ಗೆಳೆಯನಂತೆ, ನಾನಲ್ಲವಂತೆ. ಅಜ್ಜಿ ತಪ್ಪಾಗಿ ತಿಳಿದಿದ್ದಳಂತೆ. ನನಗೆ ಆಶ್ಚರ್ಯವಾಗಲಿಲ್ಲ. ಖಾನಾಪುರದಲ್ಲಿ ಅಭ್ಯಾಸವಾಗಿತ್ತು.

ಈ ಸಲದ ಗೆಲುವನ್ನಾದರೂ ಮರೆಯಬಾರದೆಂದು ಇದನ್ನು ಬರೆದಿಟ್ಟಿದ್ದೇನೆ. ಬರೆಯಲು ಕುಳಿತಾಗ ಒಡಪಿನ ಎರಡನೆಯ ಸಾಲು ಎಷ್ಟು ತಿಣುಕಿದರೂ ಹೊಳೆಯದೆ ಸುವರ್ಣಾಳನ್ನೇ ಕೇಳಬೇಕಾಯಿತು. ಅವಳು ಹೇಳಿದ್ದನ್ನೇ ಮೇಲೆ ಕೊಟ್ಟಿದ್ದೇನೆ. ಅದರಲ್ಲಿ ಅವಳ ಕೈವಾಡ ಎಷ್ಟೋ ನನಗೆ ತಿಳಿಯದು. ಆದರೆ ನವಾಬನ ಸಾಲು ಖಂಡಿತ ನನ್ನದೇ. ಅದನ್ನು ಮಾತ್ರ ಅವಳು ಬೇಡವೆಂದರೂ ನಾನೇ ನೆನಪಿಸಿಕೊಂಡು ಬರೆದೆ.