ಎರಡಿಂಚು ಬೆಳೆದ ಜೀಪು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡೇ ಎರಡು ಇಂಚು.

ಗೇರಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ವೃತ್ತಿಯಲ್ಲಿ ಅವನು ಗ್ರಂಥಪಾಲಕ. ವಾರವಿಡೀ "ಶ್, ಮೆಲ್ಲಗೆ" ಎಂದು ಪಿಸುಗುಟ್ಟುವ ಈ ಸಾಧು ಪ್ರಾಣಿ, ರಜೆ ಬಂತೆಂದರೆ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದು ಇಡೀ ಬೀದಿಯ ನಿದ್ದೆ ಕೆಡಿಸುತ್ತಿದ್ದ. ಅಲ್ಲಿತ್ತು ಅವನ ಪ್ರಾಣ, ಗುಡ್ಡ ಹತ್ತುವ ಹಳೇ ಜೀಪು. ಆರು ವರ್ಷದಿಂದ ಅದು ಸ್ಟಾರ್ಟ್ ಆಗಿರಲಿಲ್ಲ. ಗೇರಣ್ಣನೂ ಆಸೆ ಬಿಟ್ಟಿರಲಿಲ್ಲ.

ಆಸೆ ಬಿಟ್ಟವಳು ಹೆಂಡತಿ. ಆ ಭಾನುವಾರ ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು. "ರೀ, ಸಾಯಂಕಾಲ ಐದು ಗಂಟೆಯೊಳಗೆ ಇದು ಬೀದಿಗೆ ಬರ್ಬೇಕು. ಬರ್ಲಿಲ್ವೋ, ಗುಜರಿಯವ್ನಿಗೆ ಕೊಟ್ಬಿಡ್ತೀನಿ. ಆಗ್ಲೇ ಹೇಳಿ ಕಳಿಸಿದ್ದೂ ಆಯ್ತು."

ಗೇರಣ್ಣ ಊಟ ಮರೆತು ದುಡಿದ. ನಾಲ್ಕು ಗಂಟೆಗೆ ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದ. ಜೀಪು ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಆಮೇಲೆ ಗುಡುಗಿತು! ಗೇರಣ್ಣ ಸೀಟಿನ ಮೇಲೆ ಕೂತಲ್ಲೇ ಕುಣಿದುಬಿಟ್ಟ. ಗೇರು ಹಾಕಿ ಮೂರಡಿ ಹೋದನೋ ಇಲ್ಲವೋ, ತಲೆಯ ಮೇಲೆ 'ಟಣ್' ಎಂದಿತು. ಜೀಪಿನ ಮೇಲಿನ ಕಬ್ಬಿಣದ ಚೌಕಟ್ಟು ಶೆಡ್ಡಿನ ಬಾಗಿಲ ತೊಲೆಗೆ ಬಡಿದಿತ್ತು.

ಪಕ್ಕದ ಮನೆ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದು ಅಳೆದ. "ಎರಡಿಂಚು ಜಾಸ್ತಿ ಇದೆ. ಪ್ಯಾಂಟಾಗಿದ್ರೆ ಮಡಚಿ ಹೊಲೀತಿದ್ದೆ. ಬಾಗಿಲು ಅಳೆದಿರ್ಲಿಲ್ವಾ?"

"ಅಳೆದಿದ್ದೆ. ಜೀಪು ಒಳಗೆ ಬಂದಾಗ."

ಆಮೇಲೆ ಜೀಪಿಗೆ ಹೊಸ ಸ್ಪ್ರಿಂಗು ಬಂದಿತ್ತು, ದೊಡ್ಡ ಟೈರು ಬಂದಿತ್ತು. ಚೌಕಟ್ಟನ್ನು ಗೇರಣ್ಣ ತಾನೇ ವೆಲ್ಡಿಂಗ್ ಮಾಡಿದ್ದ. ಜನ್ಮದಲ್ಲಿ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ. ಟೈರಿನ ಗಾಳಿ ಬಿಟ್ಟಾಯಿತು. ಇನ್ನೂ ಒಂದಿಂಚು ಬಾಕಿ.

"ತೊಲೆ ಕೆತ್ತೋಣ್ವಾ?" ಎಂದ ಗೇರಣ್ಣ.

"ಸುತಾರಾಂ ಬೇಡ," ಎಂದ ಎದುರುಮನೆ ಗಾರೆ ಮೇಸ್ತ್ರಿ. "ನಿಮ್ಮ ಅಡುಗೆಮನೆ ಚಾವಣೀನೂ ಇದ್ರ ಮೇಲೇ ನಿಂತಿದೆ. ಕಟ್ಟಿದ್ದು ನಾನೇ, ನಂಗೊತ್ತು." ಎಷ್ಟು ಗಟ್ಟಿಯಾಗಿ ಕಟ್ಟಿದ್ದೆನೆಂದು ಮಾತ್ರ ಅವನು ಹೇಳಲಿಲ್ಲ.

ಅಷ್ಟರಲ್ಲಿ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದೇಬಿಟ್ಟ. ಸುಮ್ಮನಿದ್ದಿದ್ದರೆ ಜೀಪು ಅವನದೇ. ಆದರೆ ಬಿಟ್ಟಿ ಸಲಹೆ ಕೊಡುವ ಸುಖದ ಮುಂದೆ ವ್ಯಾಪಾರ ಯಾವ ಲೆಕ್ಕ?

"ಸಾರ್, ಭಾರ ಹಾಕಿ. ಸ್ಪ್ರಿಂಗು ತಾನಾಗೇ ಕೂರುತ್ತೆ!"

ಬೀದಿಗೆ ಬೀದಿಯೇ ಹುರುಪಿನಿಂದ ಜೀಪು ಹತ್ತಿತು. ದರ್ಜಿ, ಮೇಸ್ತ್ರಿ, ಮೇಸ್ತ್ರಿಯ ದಢೂತಿ ಭಾವ, ದರ್ಜಿಯ ಅತ್ತೆ. ಗುಜರಿಯವನು ಕಣ್ಣಳತೆಯಲ್ಲೇ ತೂಗಿ, "ಇನ್ನೊಂದು ಎಂಬತ್ತು ಕೇಜಿ ಬೇಕು," ಎಂದು ಕೊನೆಗೆ ತಾನೇ ಹತ್ತಿ ಕೂತ. ಜೀಪು ಮುಲುಗುತ್ತಾ ತಗ್ಗಿತು. ತೊಲೆಗೂ ಚೌಕಟ್ಟಿಗೂ ನಡುವೆ ಈಗ ಒಂದು ಬೆರಳು ಜಾಗ!

"ಹೋಗ್ಲಿ, ಹೋಗ್ಲಿ, ನಿಧಾನ!" ಎಂದು ಎಲ್ಲರೂ ಕೂಗಿದರು. ಮೂತಿ ಹೊರಬಂತು. ಗೇರಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚೌಕಟ್ಟು ಸರಿಯಾಗಿ ತೊಲೆಯ ಕೆಳಗಿತ್ತು.

ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿದ ಹೆಂಡತಿಯ ಆರು ವರ್ಷದ ಕೋಪ ಆ ಕ್ಷಣದಲ್ಲಿ ಕರಗಿಹೋಯಿತು. ಗಂಡನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

"ಎಲ್ರೂ ಬನ್ನಿ, ಟೀ ಆಗಿದೆ!" ಎಂದು ಕರೆದಳು.

ಹೆಂಡತಿಯ ದನಿ ಕೇಳಿದೊಡನೆ ಬ್ರೇಕು ಒತ್ತುವುದು ಗೇರಣ್ಣನ ಹಳೇ ಅಭ್ಯಾಸ. ಜೀಪು ನಿಂತಿತು. "ಇಳೀಬೇಡಿ!" ಎಂದು ಅರಚಲು ಬಾಯಿ ತೆರೆದರೆ, ಗಾಬರಿಗೆ ಹೊರಟಿದ್ದು ಗ್ರಂಥಾಲಯದ ಪಿಸುದನಿ. ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಒಟ್ಟಿಗೇ ಧುಮುಕಿದರು.

ಧಡಾರ್!

ಗೇರಣ್ಣನ ತಲೆಯ ಮೇಲೆ ಗಾರೆ ಉದುರಿತು. ಎಂಜಿನ್ನೂ ನಿಂತಿತು. ಮೇಸ್ತ್ರಿ ಲೋಟ ಹಿಡಿದೇ ಬಂದು, ತೊಲೆಯನ್ನು ಅತ್ತಿಂದಿತ್ತ ನೋಡಿ, ಒಂದು ಗುಟುಕು ಹೀರಿ ಹೇಳಿದ, "ತೊಲೆ ಬಿರುಕು ಬಿಟ್ಟಿದೆ ಸಾರ್. ಈಗ ಚಾವಣಿ ನಿಂತಿರೋದೇ ಜೀಪಿನ ಮೇಲೆ. ಇದನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ."

"ಹಾಗಾದ್ರೆ ಗುಜರಿಗೂ ಹೋಗಲ್ವಾ?" ಎಂದ ಗೇರಣ್ಣ.

"ಎಲ್ಲಿಗೂ ಹೋಗಲ್ಲ."

ಗುಜರಿಯವನು ಬಂದ ದಾರಿಗೆ ಸುಂಕವಿಲ್ಲವೆಂದು ಖಾಲಿ ಗಾಡಿ ತಳ್ಳಿಕೊಂಡು ಹೊರಟ. ಜೀಪು ಉಳಿಯಿತು! ಗೇರಣ್ಣ ಹಿಗ್ಗಿನಿಂದ ಇಳಿಯಲು ಒಂದು ಕಾಲು ಹೊರಗಿಟ್ಟ.

"ಅಯ್ಯೋ, ಇಳೀಬೇಡಿ!" ಮೇಸ್ತ್ರಿ ಕಿರುಚಿದ. "ನಿಮ್ಮ ಭಾರ ತಪ್ಪಿದ್ರೆ ಜೀಪು ಇನ್ನೂ ಮೇಲೇಳುತ್ತೆ. ಅಲ್ಲಿಗೆ ಅಡುಗೆಮನೆ ಕತೆ ಮುಗೀತು. ನಾನು ಕಂಬ ತರೋವರೆಗೂ ಹಾಗೇ ಕೂತಿರಿ."

"ಯಾವಾಗ ತರ್ತೀಯೋ?"

"ಇವತ್ತು ಅಂಗಡಿ ರಜೆ. ನಾಳೆ ತೆಗೆದ ಕೂಡ್ಲೇ."

ಗೇರಣ್ಣ ಮೆಲ್ಲಗೆ ಕಾಲು ಒಳಗೆಳೆದುಕೊಂಡ. ಸರಿಯಾಗಿ ಐದು ಗಂಟೆಗೆ ಹೆಂಡತಿ ಲೋಟ ತಂದು, ಅವನ ತಲೆಯ ಗಾರೆ ಕೊಡವಿ, ಎಂದೂ ಇಲ್ಲದ ಪ್ರೀತಿಯಿಂದ ಹೇಳಿದಳು:

"ಬಿಸಿಬಿಸಿ ಕುಡೀರಿ. ಗೇರು ಮಾತ್ರ ಮುಟ್ಬೇಡಿ."