ಅತ್ತೆ ತಿರುವಿ ನೋಡಿದ ವೀಸಾ

ನಮ್ಮ ಅತ್ತೆಗೆ ಈ ಜಗತ್ತಿನ ಮುಂಭಾಗದ ಮೇಲೆ ಒಂದಿಷ್ಟೂ ನಂಬಿಕೆ ಇಲ್ಲ! ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ನನ್ನ ಬಗ್ಗೆ ಕನಿಕರಪಡಬೇಡಿ, ನನಗಿನ್ನೂ ಮದುವೆಯಾಗಿಲ್ಲ. ಇವಳು ನನ್ನ ಅಪ್ಪನ ಅಕ್ಕ. ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೂತು, ಮಗ್ಗದಿಂದ ಬಂದ ಸೀರೆಗಳನ್ನು ತಪಾಸಣೆ ಮಾಡುವುದರಲ್ಲೇ ಆಯುಷ್ಯ ಕಳೆದವಳು. ನೇಯುವಾಗ ಎಳೆ ಹರಿದರೆ ನೇಕಾರ ಗಂಟು ಹಾಕಿ, ಆ ಗಂಟನ್ನು ಹಿಂಬದಿಗೆ ತಳ್ಳುತ್ತಾನೆ. ಆದ್ದರಿಂದ ಸೀರೆ ಕೈಗೆ ಬಂದೊಡನೆ ಅತ್ತೆ ಮೊದಲು ಅದನ್ನು ತಿರುವಿ ಹಾಕುತ್ತಿದ್ದಳು. ಅಂಗಡಿ ಬಿಟ್ಟು ವರ್ಷಗಳಾದವು, ತಿರುವುವುದು ಮಾತ್ರ ಬಿಟ್ಟಿಲ್ಲ.

ಲಗ್ನಪತ್ರಿಕೆ ಕೊಟ್ಟರೆ ಗಂಡು ಹೆಣ್ಣಿನ ಹೆಸರು ನೋಡುವ ಮೊದಲು ಹಿಂದೆ ಏನಿದೆ ಎಂದು ನೋಡುತ್ತಾಳೆ. ರೊಟ್ಟಿ ಬಡಿಸಿದರೆ ಅದನ್ನೂ ತಿರುವುತ್ತಾಳೆ. ಅಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನನ್ನ ಚಿಕ್ಕಪ್ಪನ ಮಗಳನ್ನು ನೋಡಲು ವರ ಬಂದಾಗ ಏನು ಮಾಡಿದಳು ಗೊತ್ತೇ? ಹುಡುಗ ಉಪ್ಪಿಟ್ಟು ತಿಂದು, ಕೈ ಒರೆಸಿಕೊಂಡು, ಇನ್ನೇನು ನಾಚಬೇಕು ಅನ್ನುವಷ್ಟರಲ್ಲಿ ಅತ್ತೆ ಅಂದಳು: "ತಮ್ಮಾ, ಒಂದೀಟು ಎದ್ದು ಆ ಕಡೆ ತಿರುಗಪಾ."

ಪಾಪ, ತಿರುಗಿದ. ಅಂಗಿಯ ಮುಂಭಾಗ ಗರಿಗರಿ, ಬೆನ್ನಿನ ಭಾಗ ಮುದ್ದೆಮುದ್ದೆ!

"ಮುಂದಷ್ಟ ಇಸ್ತ್ರಿ ಹೊಡದಾನ," ಎಂದು ಅತ್ತೆ ತೀರ್ಪು ಕೊಟ್ಟಳು. ಮದುವೆಯೇನೋ ಆಯಿತು, ಚೆನ್ನಾಗಿಯೂ ಇದ್ದಾರೆ. ಆದರೆ ಆ ಅಳಿಯ ಇವತ್ತಿಗೂ ಅತ್ತೆಯ ಮನೆಯಲ್ಲಿ ಗೋಡೆಗೆ ಒರಗಿಯೇ ಕೂರುತ್ತಾನೆ.

ನಾನು ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ಎಕ್ಸರೇ ತೆಗೆಯುವ ಕೆಲಸದಲ್ಲಿದ್ದೆ. ಒಮ್ಮೆ ಅತ್ತೆಗೆ ಕೆಮ್ಮು ಹೆಚ್ಚಾಗಿ, ಅವಳ ಎದೆಯ ಚಿತ್ರವನ್ನು ನಾನೇ ತೆಗೆದೆ. ಬೆಳಕಿಗೆ ಹಿಡಿದು ತೋರಿಸಿದರೆ ಅದನ್ನೂ ಕಸಿದುಕೊಂಡು ತಿರುವಿದಳು.

"ಅತ್ತಿ, ಇದಕ್ಕ ಹಿಂದು ಮುಂದು ಇರಂಗಿಲ್ಲ. ಹ್ಯಾಂಗ ಹಿಡಿದ್ರೂ ಅವೇ ಎಲುವು."

ಎರಡೂ ಕಡೆ ನೋಡಿ, "ಹಂಗಾರ ಇದೊಂದ ಖರೇ ವಸ್ತು ಬಿಡು," ಎಂದು ಮೆಚ್ಚಿ, ಮನೆಗೆ ಒಯ್ದು ಕಿಟಕಿಗೆ ಸಿಕ್ಕಿಸಿದಳು. ಬಂದವರೆಲ್ಲ ಅವಳ ಪಕ್ಕೆಲುಬು ನೋಡಿಕೊಂಡೇ ಚಹಾ ಕುಡಿಯಬೇಕು.

ಇಂಥವಳ ಕೈಗೆ ನನ್ನ ವೀಸಾ ಸಿಕ್ಕಿತು.

ಕೊಲ್ಲಿ ದೇಶವೊಂದರ ದೊಡ್ಡ ಆಸ್ಪತ್ರೆಯಲ್ಲಿ ನನ್ನದೇ ಕೆಲಸಕ್ಕೆ ಜನ ಬೇಕಾಗಿತ್ತು. ಫೋನಿನಲ್ಲೇ ಸಂದರ್ಶನ ಮುಗಿದು ಆಯ್ಕೆಯೂ ಆಗಿದ್ದೆ. ಮುಂದಿನ ಕಾಗದಪತ್ರಕ್ಕೆ ನರಗುಂದದಲ್ಲಿ ಒಬ್ಬ ಏಜೆಂಟ್ ಸಿಕ್ಕ. ಮಾತು ಬೆಣ್ಣೆ. "ಕೆಲಸದ ವೀಸಾ ಅಂದ್ರ ತಿಂಗಳಗಟ್ಟಲೆ ಕಾಯಬೇಕ್ರಿ ಮೇಡಂ. ನಂದು ಲಗೂ ಕೆಲಸ," ಎಂದ. ಹೇಳಿದ ವಾರವೇ ವೀಸಾ ಹಿಡಿದು ಬಂದ. ನಾನು ಹಿಗ್ಗಿನಲ್ಲಿ ದವಾಖಾನೆಯ ಕೆಲಸ ಬಿಟ್ಟೆ. ಅಲ್ಲಿಯವರು ಶಾಲು ಹೊದಿಸಿ ಫೋಟೋ ತೆಗೆಸಿದರು. ರೋಣದಲ್ಲಿ ಹಾಯ್ದುಹೋದವರೆಲ್ಲ "ಯಾವಾಗ ವಿಮಾನ?" ಎಂದು ಕೇಳತೊಡಗಿದರು.

ಹೊರಡುವುದಕ್ಕೆ ನಾಲ್ಕು ದಿನ ಮೊದಲು ಏಜೆಂಟನ ಜೊತೆಯೇ ಅತ್ತೆಯ ಆಶೀರ್ವಾದಕ್ಕೆ ಹೋದೆ. ವೀಸಾಕ್ಕೆ ಅವನು ಎತ್ತರದ ಕಟ್ಟಡಗಳ ಚಿತ್ರವಿರುವ ರಟ್ಟನ್ನು ಹಿಂದೆ ಕೊಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದ. ಅತ್ತೆ ತಿರುವಿದಳು. ಕಟ್ಟಡಗಳು ಕಂಡವು.

"ಇದು ಕಾಗದದ ಹಿಂಬದಿ ಅಲ್ಲ. ರಟ್ಟಿನ ಹಿಂಬದಿ. ಕತ್ತರಿ ತಾ."

"ಅಮ್ಮಾರ, ಅದು ವೀಸಾರಿ!" ಎಂದು ಏಜೆಂಟ್ ಅರ್ಧ ಎದ್ದ.

"ಸೀರಿ ಕತ್ತರಿಸಲಾರದನ ಗಂಟು ಬಿಡಿಸಿದಾಕಿ ನಾನು. ಕುಂದರಪಾ."

ಪ್ಲಾಸ್ಟಿಕ್ಕಿನ ಅಂಚು ಬಿಡಿಸಿ, ರಟ್ಟು ತೆಗೆದು, ಕಾಗದವನ್ನು ಬೋರಲು ಹಾಕಿದಳು. ಹಿಂದೆ ಇರುವೆ ಹರಿದಂತೆ ಸಣ್ಣ ಅಕ್ಷರಗಳು, ಎಲ್ಲ ಇಂಗ್ಲಿಷ್. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ, ಆದರೆ ಓದಿರಲಿಲ್ಲ! ಮನುಷ್ಯರ ಒಳಗಿನದನ್ನು ನೋಡುವುದನ್ನೇ ಕಲಿತ ನಾನು, ಒಂದು ಹಾಳೆಯ ಹಿಂದೆ ನೋಡಿರಲಿಲ್ಲ.

"ಓದು," ಅಂದಳು.

ಓದಿದೆ. ಇದು ಭೇಟಿಗಾಗಿ ಮಾತ್ರ ಕೊಟ್ಟ ಪರವಾನಗಿ. ಮೂವತ್ತು ದಿನ. ಸಂಬಳಕ್ಕಾಗಲೀ ಸಂಬಳವಿಲ್ಲದೆಯಾಗಲೀ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ.

"ಎಲ್ಲಾರೂ ಹಿಂಗ ಹೋಗತಾರ್ರಿ. ಅಲ್ಲಿ ಹೋದ ಮ್ಯಾಲ ಬದಲಿ ಮಾಡಿಸಿದ್ರಾತು," ಎಂದ ಏಜೆಂಟ್.

"ಸೀರಿ ಉಟಗೊಂಡು ಲಗ್ನಕ್ಕ ಹೋದ ಮ್ಯಾಲ ಬಣ್ಣ ಬದಲಿ ಮಾಡತೀಯೇನು? ಯಾರು ಕರದಾರ, ಏನ್ ಮಾಡಾಕ ಕರದಾರ, ಎರಡೂ ಈ ಕಾಗದದಾಗ ಐತೇನು?"

ಎರಡೂ ಇರಲಿಲ್ಲ. ಅವನಿಗೆ ನರಗುಂದದ ಬಸ್ಸು ಒಮ್ಮೆಲೇ ನೆನಪಾಯಿತು.

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಅತ್ತೆಯ ಮೇಲೆ! ಇದ್ದ ಕೆಲಸ ಬಿಟ್ಟಾಗಿದೆ, ಶಾಲು ಹೊದ್ದಾಗಿದೆ. ಊರಿಗೆ ಯಾವ ಮುಖ ತೋರಿಸಲಿ? "ನಿನಗ ನಾ ಹೋಗೂದ ಬ್ಯಾಡಾಗೇತಿ. ಅದಕ್ಕ ಹಿಂಗ ಮಾಡಿದಿ," ಎಂದು ಚೀರಿದೆ.

ಅತ್ತೆ ಕತ್ತರಿಯನ್ನು ಮೊಳೆಗೆ ತೂಗುಹಾಕಿದಳು. "ಹೋಗಬ್ಯಾಡ ಅಂದಿಲ್ಲ. ಸುಳ್ಳ ಕಾಗದದ ಮ್ಯಾಲ ಹೋಗಬ್ಯಾಡ ಅಂದೆ," ಅಂದಳು, ಅಷ್ಟೇ.

ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಆಸ್ಪತ್ರೆಗೇ ನೇರವಾಗಿ ಬರೆದು ಕೇಳಿದೆ. ಕೆಲಸ ನಿಜ, ಭೇಟಿಯ ವೀಸಾದಲ್ಲಿ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇವೆ, ಕೆಲಸದ ವೀಸಾವನ್ನು ನಾವೇ ಮಾಡಿಸುತ್ತೇವೆ, ನಿಮ್ಮ ಪ್ರಮಾಣಪತ್ರಗಳಿಗೆ ಸರಕಾರದ ದೃಢೀಕರಣ ಬೇಕು ಎಂದು ಉತ್ತರ ಬಂತು. ಶುರುವಾಯಿತು ನೋಡಿ ಓಡಾಟ! ಇಡೀ ಬೇಸಿಗೆ ನನ್ನ ಪದವಿಪತ್ರ ನನಗಿಂತ ಹೆಚ್ಚು ಊರು ತಿರುಗಿತು. ಅದು ವಾಪಸು ಬಂದ ದಿನ ಅತ್ತೆಗೆ ತೋರಿಸಿದೆ. ಮುಂದುಗಡೆ ಏನೂ ಬದಲಾಗಿರಲಿಲ್ಲ. ತಿರುವಿದರೆ ಹಿಂದೆ ಸಾಲಾಗಿ ಮುದ್ರೆ, ಸಹಿ, ಮತ್ತೆ ಮುದ್ರೆ!

ಅತ್ತೆಯ ಮುಖ ನೋಡಬೇಕಿತ್ತು. "ನೋಡವಾ, ಸರಕಾರಕ್ಕೂ ಗೊತ್ತೈತಿ!"

ಈಗ ಸವಡಿ, ಲಕ್ಕಲಕಟ್ಟಿಯಂಥ ಸುತ್ತಲಿನ ಹಳ್ಳಿಗಳಿಂದ ಕೂಡ ಜನ ವೀಸಾ ಹಿಡಿದು ಅವಳ ಕಟ್ಟೆಗೆ ಬರುತ್ತಾರಂತೆ. ಮಲಪ್ರಭೆ ದಾಟಿ ಒಂದು ದಿನವೂ ಇರದವಳು ಪರದೇಶದ ಕಾಗದ ಪಾಸು ಮಾಡುತ್ತಾಳೆ, ಕೇಳುವುದು ಅವೇ ಎರಡು ಪ್ರಶ್ನೆ.

ನನ್ನ ನಿಜವಾದ ವೀಸಾ ಬಂತು. ಮುಂಬೈಗೆ ಹೋಗಲು ಹೊಳೆಆಲೂರಿನಲ್ಲಿ ರೈಲುಗಾಡಿ ಹತ್ತಿದೆ. ಅತ್ತೆ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಹಿಡಿದು ಬಂದಿದ್ದಳು. ನಗುತ್ತಲೇ ಇದ್ದಳು. ಟಿಕೆಟನ್ನೂ ಒಮ್ಮೆ ತಿರುವಿ ನೋಡಿದಳು. ಆಮೇಲೆ ಕಿಟಕಿಯ ಸರಳು ಹಿಡಿದು ಹೇಳಿದಳು: "ಗಾಡಿ ಬಿಟ್ಟ ಮ್ಯಾಲ ಹೊಳ್ಳಿ ನೋಡಬ್ಯಾಡ. ಹೊಂಟಾಗ ಹಂಗ ನೋಡಬಾರದು."

ಇಡೀ ಜನ್ಮ ಎಲ್ಲವನ್ನೂ ತಿರುವಿ ನೋಡಿದವಳು ನನಗೆ ಹೇಳುವ ಮಾತೇ ಇದು? ಗಾಡಿ ಬಿಟ್ಟಿತು. ನಾನು ಅವಳದೇ ಸೋದರಸೊಸೆಯಲ್ಲವೇ, ತಿರುಗಿ ನೋಡಿದೆ.

ಅತ್ತೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಸೆರಗು ಬಾಯಿಗೆ ಹೋಗಿತ್ತು, ಬೆನ್ನು ಬಿಕ್ಕಿ ಬಿಕ್ಕಿ ಅಲುಗುತ್ತಿತ್ತು. ಅವಳಿಗೆ ನಾನು ಹೋಗುವುದು ಖಂಡಿತ ಬೇಡವಾಗಿತ್ತು. ಆ ಗಂಟನ್ನು ಇಷ್ಟು ದಿನ ಹಿಂಬದಿಗೆ ತಳ್ಳಿ, ನನ್ನ ಕಾಗದವನ್ನು ಮಾತ್ರ ನೆಟ್ಟಗೆ ಮಾಡಿ ಕಳಿಸಿದ್ದಳು. ಕೂಗಿ ಕರೆದೆ. ಗಾಡಿಯ ಸಪ್ಪಳದಲ್ಲಿ ಅವಳಿಗೆ ಕೇಳಿಸಲಿಲ್ಲ.